ಲಕ್ಷದ ಅಲ್ಪವಿರಾಮ ತಪ್ಪು ಜಾಗದಲ್ಲಿ ಬೀಳುತ್ತಿದ್ದರೆ

ಬದಿಯಡ್ಕದಿಂದ ಕೇಳಿದ್ದೀರಿ: ಅಡಿಕೆ ಮಾರಾಟದ ಎಕ್ಸೆಲ್ ಪಟ್ಟಿಯಲ್ಲಿ 12,50,000 ಅಂತ ಬರಬೇಕಾದದ್ದು 1,250,000 ಅಂತ ಯಾಕೆ ಬರುತ್ತದೆ, ಒಂದೊಂದನ್ನೇ ಕೈಯಲ್ಲಿ ತಿದ್ದಬೇಕಾ ಅಂತ. ದಯವಿಟ್ಟು ಕೈಯಲ್ಲಿ ತಿದ್ದಬೇಡಿ. ಮೊತ್ತವೇನೂ ತಪ್ಪಾಗಿಲ್ಲ, ತೋರಿಸುವ ರೀತಿ ಮಾತ್ರ ಬೇರೆ.

ಆ ಕಾಲಂ ಆರಿಸಿ, ಕಂಟ್ರೋಲ್ ಜೊತೆ 1 ಒತ್ತಿ. ನಂಬರ್ ಟ್ಯಾಬಿನಲ್ಲಿ ಕಸ್ಟಮ್ ಆರಿಸಿ, ಟೈಪ್ ಅನ್ನುವ ಜಾಗದಲ್ಲಿ ಇದನ್ನು ಹಾಗೆಯೇ ಅಂಟಿಸಿ:

[>=10000000]##\,##\,##\,##0;[>=100000]##\,##\,##0;##,##0

ಮೊದಲ ಭಾಗ ಕೋಟಿಗೆ, ಎರಡನೆಯದು ಲಕ್ಷಕ್ಕೆ, ಕೊನೆಯದು ಉಳಿದದ್ದಕ್ಕೆ. ಮೈನಸ್ ಮೊತ್ತಗಳೂ ಕೊನೆಯ ಭಾಗಕ್ಕೇ ಬೀಳುತ್ತವೆ. ಹಾಗಾಗಿ ಲಕ್ಷ ದಾಟಿದ ಸಾಲ, ನಷ್ಟ ಬರೆಯುವುದಿದ್ದರೆ ಇದು ಸಾಲದು. ಆಗ ವಿಂಡೋಸ್ ಕಂಟ್ರೋಲ್ ಪ್ಯಾನೆಲಿನ ರೀಜನ್‌ಗೆ ಹೋಗಿ, ಅಡಿಶನಲ್ ಸೆಟ್ಟಿಂಗ್ಸ್‌ನಲ್ಲಿ ಡಿಜಿಟ್ ಗ್ರೂಪಿಂಗನ್ನು 12,34,56,789 ಮಾಡಿ. ಸ್ವಂತ ಕಂಪ್ಯೂಟರ್ ಆದರೆ ನನಗೆ ಇದೇ ಇಷ್ಟ. ಆದರೆ ಕಡತವನ್ನು ಬೇರೆಯವರಿಗೆ ಕಳಿಸಿದರೆ ಅವರಿಗೆ ಅವರ ಸೆಟ್ಟಿಂಗ್ ಪ್ರಕಾರವೇ ಕಾಣುತ್ತದೆ.

ಇನ್ನೊಂದು ಮಾತು, ಇದು ಜಾಸ್ತಿ ಮುಖ್ಯ. ತೂಕದ ಕಾಲಂನಲ್ಲಿ ದಶಾಂಶ ಅಡಗಿಸಬೇಡಿ. ಒಮ್ಮೆ ನಾನು ಹಾಗೆ ಮಾಡಿದ್ದೆ. 10.4 ಕಿಲೋದ ಮೂರು ಚೀಲ, ಪಟ್ಟಿಯಲ್ಲಿ 10, 10, 10 ಅಂತ ಕಾಣುತ್ತಿತ್ತು, ಕೆಳಗೆ ಮೊತ್ತ 31! ಅಪ್ಪ ಪೆನ್ನು ಹಿಡಿದು ಮೂರು ಸಲ ಕೂಡಿಸಿದರು. ಒಳಗಿರುವುದು 31.2, ಅದು ಸರಿಯೇ. ಆದರೆ ನೋಡುವವರಿಗೆ ಲೆಕ್ಕ ತಪ್ಪಿದೆ ಅಂತಲೇ ಅನ್ನಿಸುತ್ತದೆ, ಅಲ್ವಾ?