ಸದಸ್ಯತ್ವದ ಯೋಚನೆ ಆಮೇಲೆ, ಮೊದಲು ಚಿತ್ರ ಕಳಿಸಿ

ಓದಲು ಲಂಡನ್ನಿಗೆ ಬರುತ್ತಿದ್ದೇನೆ, ಬೆಂಗಳೂರಿನ ವೆಂಕಟಪ್ಪ ಗ್ಯಾಲರಿ ನೋಡಿದಾಗಿನಿಂದ ಜಲವರ್ಣದ ಹುಚ್ಚು, ರಾಯಲ್ ವಾಟರ್‌ಕಲರ್ ಸೊಸೈಟಿ ಸೇರಲು ಫೀಸ್ ಎಷ್ಟು, ನಮ್ಮಂಥ ಹೊರಗಿನವರನ್ನು ಸೇರಿಸುತ್ತಾರಾ ಅಂತ ಕೇಳಿದ್ದೀರಿ. ಓದಿ ತುಂಬಾ ಖುಷಿಯಾಯಿತು.

ಫೀಸ್ ಕಟ್ಟಿ ಸೇರುವ ಸಂಘ ಅಲ್ಲ ಅದು. ಈಗಿರುವ ಸದಸ್ಯರು ಹೊಸಬರ ಚಿತ್ರಗಳನ್ನು ನೋಡಿ ಮತ ಹಾಕಿ ಆರಿಸುತ್ತಾರೆ. ಮೊದಲು ಅಸೋಸಿಯೇಟ್, ಅಂದರೆ ಸಹ ಸದಸ್ಯತ್ವ, ಆಮೇಲೆ ಪೂರ್ಣ ಸದಸ್ಯತ್ವ. ಹಾಗಾಗಿ ಬಂದ ಕೂಡಲೇ ಅದರ ಹಿಂದೆ ಬೀಳಬೇಡಿ.

ಹಾಗಂತ ‘ರಾಯಲ್’ ಅನ್ನುವುದನ್ನು ನೋಡಿ ಹೆದರಲೂ ಬೇಡಿ. ಈ ಸಂಘ ಹುಟ್ಟಿದ್ದೇ ಬಾಗಿಲ ಹೊರಗೆ ಉಳಿದವರಿಂದ. ಆಗ ಲಂಡನ್ನಿನ ದೊಡ್ಡ ಕಲಾಸಂಸ್ಥೆ ರಾಯಲ್ ಅಕಾಡೆಮಿಯ ಗೋಡೆಗಳ ಮೇಲೆ ದೊಡ್ಡ ದೊಡ್ಡ ತೈಲವರ್ಣಗಳದ್ದೇ ದರ್ಬಾರು. ಅವುಗಳ ಮಧ್ಯೆ ಕಾಗದದ ಮೇಲಿನ ತೆಳು ಬಣ್ಣ ಯಾರ ಕಣ್ಣಿಗೂ ಬೀಳುತ್ತಿರಲಿಲ್ಲ. ಬರೀ ಜಲವರ್ಣ ಮಾಡುವವರಿಗೆ ಅಕಾಡೆಮಿಯ ಸದಸ್ಯರಾಗುವ ದಾರಿಯೂ ಇರಲಿಲ್ಲ. 1804ರಲ್ಲಿ ಚಿತ್ರಕಾರ ವಿಲಿಯಂ ಫ್ರೆಡರಿಕ್ ವೆಲ್ಸ್ ಮತ್ತು ಗೆಳೆಯರು ಬೇರೆ ಸಂಘ ಕಟ್ಟಿದರು. ಮರುವರ್ಷ ಲೋಯರ್ ಬ್ರೂಕ್ ಸ್ಟ್ರೀಟ್‌ನಲ್ಲಿ 16 ಸದಸ್ಯರ ಮೊದಲ ಪ್ರದರ್ಶನ. ದುಡ್ಡು ಕೊಟ್ಟು ನೋಡಲು ಸುಮಾರು 12,000 ಜನ ಬಂದರು! ಬಂದ ಲಾಭವನ್ನು ಸದಸ್ಯರು ಹಂಚಿಕೊಂಡರು. ರಾಯಲ್ ಅನ್ನುವ ಗೌರವ ಸಿಕ್ಕಿದ್ದು ಎಷ್ಟೋ ಆಮೇಲೆ, 1881ರಲ್ಲಿ.

ಹೊರಗಿನವರು ಅಂದಿರಲ್ಲ, ಈ ಸಂಘವೇ ಬಹಳ ಕಾಲ ಹೆಣ್ಣುಮಕ್ಕಳನ್ನು ಹೊಸ್ತಿಲಲ್ಲೇ ನಿಲ್ಲಿಸಿತ್ತು. ಚಿತ್ರ ತೂಗುಹಾಕಬಹುದು, ಆದರೆ ಗಂಡಸರಿಗಿದ್ದ ಪೂರ್ತಿ ಹಕ್ಕು ಇಲ್ಲ. ಹಳ್ಳಿಮನೆಗಳನ್ನೂ ಕೈತೋಟಗಳನ್ನೂ ಅಷ್ಟು ಚೆನ್ನಾಗಿ ಬರೆದ ಹೆಲೆನ್ ಅಲಿಂಗ್‌ಹ್ಯಾಮ್ 1875ರಲ್ಲೇ ಒಳಗೆ ಬಂದರೂ ಪೂರ್ಣ ಸದಸ್ಯೆಯಾಗಲು 1890 ಬರಬೇಕಾಯಿತು. ಆ ಹಕ್ಕು ಪಡೆದ ಮೊದಲ ಹೆಂಗಸು ಅವರೇ. ಇದು ನನಗೆ ಈಗಲೂ ಬೇಸರ ತರುವ ಸಂಗತಿ. ಇನ್ನು ಟರ್ನರ್‌ಗಿಂತ ದೊಡ್ಡ ಜಲವರ್ಣಕಾರ ಯಾರಿದ್ದಾರೆ ಹೇಳಿ? ವೆಲ್ಸ್‌ಗೆ ಆಪ್ತ ಗೆಳೆಯ ಬೇರೆ. ಆದರೆ ಅಕಾಡೆಮಿಗೆ ಸೇರಿದವನಾದ್ದರಿಂದ ಇಲ್ಲಿ ಸದಸ್ಯನಾಗಲಿಲ್ಲ. ಹೆಸರಿನ ಜೊತೆ ಹಾಕಿಕೊಳ್ಳುವ ಸದಸ್ಯತ್ವದ ಅಕ್ಷರಗಳಿಂದ ಚಿತ್ರವನ್ನು ಅಳೆಯಲು ಆಗುವುದಿಲ್ಲ, ಅಲ್ವಾ?

ನೀವು ಮಾಡಬೇಕಾದ್ದು ಇಷ್ಟೇ. ಟೇಟ್ ಮಾಡರ್ನ್ ಕಲಾ ಮ್ಯೂಸಿಯಂ ಪಕ್ಕದಲ್ಲೇ ಈ ಸಂಘದ ಬ್ಯಾಂಕ್‌ಸೈಡ್ ಗ್ಯಾಲರಿ ಇದೆ. ಬಿಡುವಾದಾಗೆಲ್ಲ ಹೋಗಿ ನೋಡಿ, ದುಡ್ಡು ಬೇಡ. ಸದಸ್ಯರಲ್ಲದವರೂ ಚಿತ್ರ ಕಳಿಸಬಹುದಾದ ‘ಓಪನ್’ ಪ್ರದರ್ಶನಗಳನ್ನು ಇವರೂ ಮಾಡುತ್ತಾರೆ, ಲಂಡನ್ನಿನದೇ ಇನ್ನೊಂದು ಪ್ರದರ್ಶನ ಜಾಗವಾದ ಮಾಲ್ ಗ್ಯಾಲರೀಸ್‌ನ ಸಂಘಗಳೂ ಮಾಡುತ್ತವೆ. ಮೊದಲು ಚಿತ್ರದ ಫೋಟೋ ಕಳಿಸಬೇಕು, ಅದಕ್ಕೆ ಚಿತ್ರಕ್ಕಿಷ್ಟು ಅಂತ ಶುಲ್ಕ. ಅದರಲ್ಲಿ ದಾಟಿದರೆ ಮಾತ್ರ ಚಿತ್ರ ಹೊತ್ತುಕೊಂಡು ಹೋಗುವುದು. ಆಯ್ಕೆಯಾಗದಿದ್ದರೆ ಬೇಜಾರು ಬೇಡ, ಕಳಿಸುವವರು ತುಂಬಾ ಜಾಸ್ತಿ.

ಒಂದು ವಿಷಯ ಮಾತ್ರ ಮರೆಯಬೇಡಿ. ವಿದ್ಯಾರ್ಥಿ ವೀಸಾದಲ್ಲಿ ಸ್ವಂತ ಉದ್ಯೋಗ ಮಾಡುವ ಹಾಗಿಲ್ಲ. ಚಿತ್ರ ಮಾರುವುದೂ ಅದೇ ಲೆಕ್ಕಕ್ಕೆ ಬರಬಹುದು. ಬೆಲೆ ಬರೆಯುವ ಮೊದಲು ನಿಮ್ಮ ಕಾಲೇಜಿನ ವೀಸಾ ಸಲಹೆಗಾರರನ್ನು ಕೇಳಿ.

ಬ್ರಿಟಿಷ್ ಮ್ಯೂಸಿಯಂನಲ್ಲಿ ಪ್ರಿಂಟ್ಸ್ ಅಂಡ್ ಡ್ರಾಯಿಂಗ್ಸ್ ಸ್ಟಡಿ ರೂಮ್ ಅಂತ ಇದೆ. ಮೊದಲೇ ಸಮಯ ಗೊತ್ತು ಮಾಡಿಕೊಂಡು ಹೋದರೆ ಹಳೆಯ ಜಲವರ್ಣಗಳನ್ನು ತೆಗೆದು ನಿಮ್ಮ ಮುಂದೆಯೇ ಇಡುತ್ತಾರೆ. ಜಾನ್ ವಾರ್ಲಿ, ಡೇವಿಡ್ ಕಾಕ್ಸ್, ಪೀಟರ್ ಡಿ ವಿಂಟ್, ಎಲ್ಲರೂ ಈ ಸಂಘದವರೇ, ಇವರ ಹಾಳೆಗಳನ್ನು ಕೇಳಿ ನೋಡಿ. ಬಣ್ಣ ಎಲ್ಲಿ ಹರಿಯಲು ಬಿಟ್ಟರು, ಬಿಳಿ ಕಾಗದ ಎಲ್ಲಿ ಉಳಿಸಿದರು ಅನ್ನುವುದೆಲ್ಲ ಅಷ್ಟು ಹತ್ತಿರದಿಂದ ಕಾಣುತ್ತದೆ. ಇದು ಯಾವ ಸದಸ್ಯತ್ವಕ್ಕಿಂತಲೂ ದೊಡ್ಡದು ಅಂತ ನಾನು ಮನಸಾರೆ ಹೇಳುತ್ತೇನೆ.

ಬರುವಾಗ ನಿಮ್ಮ ಚಿತ್ರಗಳನ್ನು ಬಿಡಿ ಹಾಳೆಯಾಗಿಯೇ ತನ್ನಿ. ಫ್ರೇಮು ಇಲ್ಲಿ ಹಾಕಿಸಿದರಾಯಿತು.