ಸಿ-ಎ-ಟಿ ಬರ್ದು ತೋರ್ಸಿದ್ರೆ ‘ಕಾಟ’ ಅಂತಾನೆ, ಏನ್ ಮಾಡ್ಲಿ?

ಪ್ರಶ್ನೆ: ಮೇಡಂ, ನಮ್ ಹುಡುಗ ಯುಕೆಜಿ. ಫೋನಿಕ್ಸ್ (ಲೆಟರ್ ಸೌಂಡ್ ಜೋಡಿಸಿ ಓದೋದು ಕಲ್ಸೋ) ಕ್ಲಾಸಿಗೆ ಹಾಕೀವಿ, ಲೆಟರ್ ಸೌಂಡ್ ಎಲ್ಲಾ ಪಟಪಟ ಹೇಳ್ತಾನೆ, ಆದ್ರೆ ಸಿ-ಎ-ಟಿ ಬರ್ದು ತೋರ್ಸಿದ್ರೆ ‘ಕ, ಆ, ಟ... ಕಾಟ’ ಅಂತಾನೆ. ಪೆನ್ ಬರಿ ಅಂದ್ರೆ ಕೊನೆಗೊಂದು ಯು ಸೇರಿಸ್ತಾನೆ. ಮನೇಲಿ ಕನ್ನಡ ಅಕ್ಷರಾನೂ ಕಲಿಸ್ತಿದೀವಿ, ಅದನ್ನ ಸ್ವಲ್ಪ ದಿನ ನಿಲ್ಲಿಸ್ಲಾ?
– ಒಬ್ಬ ತಾಯಿ, ನಿಟುವಳ್ಳಿ, ದಾವಣಗೆರೆ

ಉತ್ತರ: ನಿಲ್ಲಿಸ್ಬೇಡ್ರಿ, ನಿಮಗೆ ಉಪಯೋಗಕ್ಕೆ ಬರೋದೇ ಆ ಕನ್ನಡ. ನಮ್ಮ ‘ಕ’ ಒಳಗೆ ಕ್ ಜೊತೆ ಅ ಸೇರ್ಕೊಂಡೇ ಇರುತ್ತೆ, ಇಂಗ್ಲಿಷಿನ ಸಿ ಸೌಂಡು ಬರೀ ಕ್. ಹುಡುಗ ಪೂರ್ತಿ ಅಕ್ಷರ ಹೇಳಿ ಜೋಡಿಸ್ತಿದಾನೆ, ಕಾಟ ಆಗ್ದೆ ಇನ್ನೇನಾಗುತ್ತೆ! ಮೊಬೈಲ್ ವಿಡಿಯೋ ನೋಡಿ ಕಲಿತಿದ್ರೆ ಅದನ್ನೂ ಒಂದ್ಸಲ ಕೇಳಿ ನೋಡ್ರಿ, ಎಷ್ಟೋ ವಿಡಿಯೋದಲ್ಲಿ ಅವ್ರೇ ‘ಟ, ಪ, ಕ’ ಅಂತ ಎಳೀತಾರೆ.

ಅವನ ಕೈನ ಅವನ ಗಂಟಲ ಮೇಲೆ ಇಡ್ಸಿ ಸ್, ಟ್, ಪ್, ಕ್ ಹೇಳಿಸಿ. ಗಂಟಲು ಜುಮ್ ಅನ್ಬಾರ್ದು, ಜುಮ್ ಅಂತು ಅಂದ್ರೆ ಹಿಂದೆ ಅ ಸೇರಿದೆ ಅಂತ ಅರ್ಥ. ಬ್, ಡ್, ಗ್‌ಗೆ ಈ ಟೆಸ್ಟ್ ನಡೆಯಲ್ಲ, ಅವು ಜುಮ್ ಅನ್ನೋ ಸೌಂಡೇ, ಅಲ್ಲಿ ಚಿಕ್ಕದಾಗಿ ಹೇಳ್ಸಿದ್ರೆ ಸಾಕು. ಆಮೇಲೆ ಮೂರು ತುಂಡು ಮಾಡೋ ಬದ್ಲು ಕಾಗುಣಿತದ ಥರ ಮೊದಲೆರಡನ್ನ ಸೇರಿಸ್ಬಿಡಿ, ‘ಕ್ಯಾ’, ಆಮೇಲೆ ‘ಟ್’. ‘ಸ್ಯಾ’, ‘ಟ್’. ಅಕ್ಷರ ಗೊತ್ತಿರೋ ಮಕ್ಕಳಿಗೆ ಇದು ಬೇಗ ಹತ್ತುತ್ತೆ.

ಪೆನ್ನಿನ ವಿಷಯ ಬೇರೆ. ಮನೇಲಿ ಎಲ್ರೂ ಪೆನ್ನು, ಬಸ್ಸು, ಕಾರು ಅಂತೀವಿ, ಅವನು ಕೇಳ್ಸಿದ್ದನ್ನೇ ಬರೀತಾನೆ, ಮಾತು ತಿದ್ದೋಕೆ ಹೋಗ್ಬೇಡಿ. ಬರೆಯೋಕೆ ಮುಂಚೆ ಸೌಂಡಿಗೊಂದು ಬೆರಳು ಎತ್ತಿಸಿ: ಪ್, ಎ, ನ್, ಮೂರೇ ಬೆರಳು, ನಾಲ್ಕನೇದು ಎತ್ತೋಕೆ ಹೋದ್ರೆ ಅವನೇ ನಗ್ತಾನೆ. ಬೆಣ್ಣೆದೋಸೆಗೆ ಕಾಯ್ತಾ ಕೂತಾಗ್ಲೂ ಟೇಬಲ್ ಮೇಲೆ ಮಾಡಿಸ್ಬಹುದು, ಪುಸ್ತಕ ಬೇಕಿಲ್ಲ.

ಕ್ಯಾಟ್‌ನ ಕೆ ಹಾಕಿ ಬರೆದ್ರೆ ಬೈಬೇಡಿ, ಸೌಂಡ್ ಸರಿಯಾಗೇ ಹಿಡಿದಿದಾನೆ. ಇಂಗ್ಲಿಷಲ್ಲಿ ಲೆಟರ್ 26, ಸೌಂಡ್ ಸುಮಾರು 44, ಹಂಗಾಗಿ ಈ ಗೋಜಲು ಇದ್ದಿದ್ದೇ. ಕ್ ಸೌಂಡಿನ ಮುಂದೆ ಎ, ಓ, ಯು ಲೆಟರ್ ಬಂದ್ರೆ ಸಾಮಾನ್ಯವಾಗಿ ಸಿ ಬರೀತೀವಿ; ಇ, ಐ ಬಂದ್ರೆ ಕೆ. ಇದನ್ನ ಒಂದನೇ ಕ್ಲಾಸಲ್ಲಿ ಹೇಳ್ಕೊಟ್ರೆ ಆಯ್ತು. ‘ಸೆಡ್’ (said), ‘ವಾಸ್’ (was) ಥರ ಸ್ಪೆಲ್ಲಿಂಗ್ ಒಂದು, ಸೌಂಡ್ ಇನ್ನೊಂದು ಇರೋದನ್ನ ಮಾತ್ರ ಬಿಡಿಸಿ ಓದ್ಸೋಕೆ ಹೋಗ್ಬೇಡಿ, ನೋಡಿ ನೋಡಿ ಗುರ್ತು ಹಿಡೀಲಿ.