ಅಮೆರಿಕದ ಸರ್ಕಾರಿ ನೌಕರರು ಕಚೇರಿಯಲ್ಲಿ ಚುನಾವಣಾ ಬ್ಯಾಡ್ಜ್ ಏಕೆ ಧರಿಸುವಂತಿಲ್ಲ?

1939ರ ಹ್ಯಾಚ್ ಕಾಯ್ದೆಯೇ ಕಾರಣ. ಕೇಂದ್ರ ಸರ್ಕಾರದ ನೌಕರರು ಕೆಲಸದ ವೇಳೆಯಲ್ಲಿ, ಸರ್ಕಾರಿ ಕಟ್ಟಡದಲ್ಲಿ, ಸಮವಸ್ತ್ರದಲ್ಲಿ ಅಥವಾ ಸರ್ಕಾರಿ ವಾಹನದಲ್ಲಿ ಇರುವಾಗ ಪಕ್ಷದ ಪರ ಪ್ರಚಾರ ಮಾಡುವಂತಿಲ್ಲ. ಆ ಹೊತ್ತಿನಲ್ಲಿ ಸ್ವಂತ ಮೊಬೈಲ್‌ನಿಂದ ಕಳುಹಿಸಿದ ಪ್ರಚಾರ ಸಂದೇಶವೂ ತಪ್ಪೇ.

ನೌಕರರ ಬಾಯಿ ಕಟ್ಟುವ ನಿಯಮವೆಂದು ಹಲವರು ಇದನ್ನು ದೂರುತ್ತಾರೆ. ನನಗೆ ಇದರಲ್ಲಿ ಮೊದಲು ಕಾಣುವುದು ನೌಕರರಿಗೇ ಸಿಗುವ ರಕ್ಷಣೆ. ಬಡ್ತಿ ಕೊಡುವ ಮೇಲಧಿಕಾರಿಯೇ ಪಕ್ಷಕ್ಕೆ ದೇಣಿಗೆ ಕೇಳಿದರೆ ಕೈಕೆಳಗಿನವರು ಹೇಗೆ ತಾನೇ ಇಲ್ಲವೆಂದಾರು? ಆ ಒತ್ತಡವನ್ನು ಕಾಯ್ದೆ ಬುಡದಲ್ಲೇ ಕಡಿಯುತ್ತದೆ.

ಮತದಾನದ ಹಕ್ಕಿಗೆ ಧಕ್ಕೆಯಿಲ್ಲ. 1993ರ ತಿದ್ದುಪಡಿಯ ನಂತರ ಬಹುತೇಕ ನೌಕರರು ಬಿಡುವಿನ ವೇಳೆಯಲ್ಲಿ ಪ್ರಚಾರವನ್ನೂ ಮಾಡಬಹುದು. ದೇಣಿಗೆ ಎತ್ತಲು ಮಾತ್ರ ಸಾಮಾನ್ಯವಾಗಿ ಆಗಲೂ ಅವಕಾಶವಿಲ್ಲ.